ಮುದ್ರೆಯೊಡೆದ ಪತ್ರ: ಡಿಮಾರ್ಕ್ ನೀತಿಯ ವಿಮರ್ಶೆ

ತಾಮ್ರಶಾಸನದ ಮುದ್ರೆಯುಂಗುರವು ಕತ್ತರಿಸಿಹೋಗಿದ್ದ ಮಾತ್ರಕ್ಕೆ ಶಾಸನತಜ್ಞರು ಅದನ್ನು ಕೂಟಶಾಸನವೆನ್ನುವುದಿಲ್ಲ. ಲಿಪಿ, ಭಾಷೆ, ತಿಥಿಗಳನ್ನೂ ವಿಚಾರಿಸುತ್ತಾರೆ. 2015ರ ಮಾರ್ಚಿಯಲ್ಲಿ ಆರ್.ಎಫ್.ಸಿ. 7489 ಎಂಬ ಲೇಖವಾಗಿ ಪ್ರಕಟವಾದ ಡಿಮಾರ್ಕ್ ನಿಯಮದಲ್ಲಿ ಈ ವಿವೇಕ ಸಾಲದೆಂಬುದು ನಮ್ಮ ಆಕ್ಷೇಪ.

ಇಮೇಲ್ ಯಾವ ಸರ್ವರಿನಿಂದ ಹೊರಟಿತೆಂಬುದನ್ನು ಎಸ್.ಪಿ.ಎಫ್. ಪರೀಕ್ಷಿಸುತ್ತದೆ, ಡಿಕಿಮ್ ಪತ್ರದ ಒಡಲಿಗೂ ಕೆಲವು ಶಿರೋಲೇಖಗಳಿಗೂ ಗಣಿತದ ಮುದ್ರೆಯೊತ್ತುತ್ತದೆ. ಇವೆರಡರಲ್ಲಿ ಒಂದಾದರೂ ಸಿಂಧುವಾಗಿದ್ದು, ಕಳುಹಿಸಿದವರ ವಿಳಾಸದಲ್ಲಿ ಕಾಣುವ ಡೊಮೇನಿಗೆ ಹೊಂದಬೇಕೆಂಬುದು ಡಿಮಾರ್ಕಿನ ಕರಾರು. ಹೊಂದದ ಪತ್ರವನ್ನು ಏನು ಮಾಡಬೇಕೆಂಬುದನ್ನು ಡೊಮೇನಿನ ಒಡೆಯರೇ ಸಾರುತ್ತಾರೆ. ಒಬ್ಬರು ಬರೆದುದನ್ನು ಸದಸ್ಯರೆಲ್ಲರಿಗೂ ಹಂಚುವ ಮೇಲಿಂಗ್ ಲಿಸ್ಟಾದರೋ ಪತ್ರವನ್ನು ತನ್ನದೇ ಸರ್ವರಿನಿಂದ ಮರಳಿ ರವಾನಿಸುವುದರಿಂದ ಮೊದಲನೆಯ ಪರೀಕ್ಷೆ ಹೊಂದುವುದಿಲ್ಲ. ವಿಷಯಸೂಚಿಗೆ ಲಿಸ್ಟಿನ ಹೆಸರನ್ನೂ ಅಡಿಯಲ್ಲಿ ಎರಡು ಸಾಲು ಸೂಚನೆಯನ್ನೂ ಸೇರಿಸುವುದರಿಂದ ಮುದ್ರೆಯೂ ಒಡೆಯುತ್ತದೆ.

ಬ್ಯಾಂಕಿನ ತಿಳಿವಳಿಕೆ ಪತ್ರಗಳಿಗೆ ಇಂಥ ಕಟ್ಟುನಿಟ್ಟು ಒಪ್ಪುವುದೇ ಸರಿ. ಆದರೆ 2014ರ ಏಪ್ರಿಲಿನಲ್ಲಿ, ಮೇಲ್ಕಂಡ ಲೇಖ ಹೊರಬರುವ ಮೊದಲೇ, ಯಾಹೂ ಸಂಸ್ಥೆಯು ಸಾಮಾನ್ಯ ಬಳಕೆದಾರರ ಡೊಮೇನಿಗೂ ‘ತಿರಸ್ಕರಿಸಿರಿ’ ಎಂಬ ನೀತಿಯನ್ನು ಸಾರಿತು. ಅದೇ ತಿಂಗಳು ಎ.ಓ.ಎಲ್. ಹಿಂಬಾಲಿಸಿತು. ಖೋಟಾ ಪತ್ರಗಳ ಹಾವಳಿ ಆಗ ಮಿತಿಮೀರಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಪರಿಣಾಮವೇನಾಯಿತು? ಯಾಹೂ ವಿಳಾಸದಿಂದ ಲಿಸ್ಟಿಗೆ ಬಂದ ಪತ್ರಗಳನ್ನು ಜೀಮೇಲ್ ಮೊದಲಾದವು ಹಿಂತಿರುಗಿಸಿದವು. ಹಿಂತಿರುಗಿದವನ್ನು ಎಣಿಸುತ್ತಿದ್ದ ಲಿಸ್ಟಿನ ತಂತ್ರಾಂಶವು ಓದುಗರ ವಿಳಾಸವೇ ಕೆಟ್ಟಿದೆಯೆಂದು ಭಾವಿಸಿ ಅವರ ಸದಸ್ಯತ್ವವನ್ನು ತಡೆಹಿಡಿಯಿತು. ಬರೆದವರಿಗೆ ಬಾಧೆಯಿಲ್ಲ, ಓದಬೇಕಾದವರಿಗೆ ದಂಡ! ಅಂತರಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಮಂಡಲಿಯ ಲಿಸ್ಟುಗಳೂ ಇದರಿಂದ ಪಾರಾಗಲಿಲ್ಲ.

ಪರಿಹಾರವಾಗಿ ಮೇಲ್‌ಮ್ಯಾನ್ ಮುಂತಾದ ತಂತ್ರಾಂಶಗಳು ಕರ್ತೃವಿನ ವಿಳಾಸವನ್ನು ತೆಗೆದು ಲಿಸ್ಟಿನ ವಿಳಾಸವನ್ನಿಡುವ ಏರ್ಪಾಟನ್ನು ಒದಗಿಸಿದವು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕಳವಳಕಾರಿಯಾದ ಸಂಗತಿ ಇದು. ಲಿಸ್ಟಿನ ಸ್ವಂತ ಕಡತದಲ್ಲಿ ಮೂಲವಿಳಾಸ ಉಳಿದರೂ ಉಳಿದೀತು. ಸದಸ್ಯರ ಪೆಟ್ಟಿಗೆಯಲ್ಲಿ ಉಳಿಯುವ ಪ್ರತಿಯಲ್ಲಿ ಮಾತ್ರ ಪತ್ರಕರ್ತೃವಿನ ಸ್ಥಾನದಲ್ಲಿ ಒಂದು ಯಂತ್ರದ ವಿಳಾಸವಿರುತ್ತದೆ. ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರೆ ಮುಂದಿನ ಸಂಶೋಧಕರು ಯಾರ ಮಾತನ್ನು ಯಾರದೆಂದು ನಿರ್ಣಯಿಸಬೇಕು? ಖೋಟಾ ಹೆಸರನ್ನು ತಡೆಯಹೊರಟ ನಿಯಮವು ಸತ್ಯವಾದ ಹೆಸರನ್ನೇ ಮರೆಮಾಡಿಸಿದಂತಾಯಿತು.

2016ರಲ್ಲಿ ಆರ್.ಎಫ್.ಸಿ. 7960 ಈ ತೊಡಕುಗಳನ್ನು ನಿರೂಪಿಸಿತು. 2019ರಲ್ಲಿ ಪ್ರಾಯೋಗಿಕವಾಗಿ ಪ್ರಕಟವಾದ ಆರ್ಕ್ ಎಂಬ ಏರ್ಪಾಟಿನಲ್ಲಿ, ಪತ್ರ ತನಗೆ ಬಂದಾಗ ಪರೀಕ್ಷೆಗಳ ಫಲ ಏನಿತ್ತೆಂಬುದನ್ನು ಮಧ್ಯವರ್ತಿಯು ಬರೆದು ತನ್ನ ಮುದ್ರೆಯೊತ್ತಬಹುದು. ಪ್ರತಿಕಾರನ ಸಾಕ್ಷ್ಯಕ್ಕೆ ಬೆಲೆಕೊಡುವ ಈ ಕ್ರಮ ನಮಗೆ ಹೆಚ್ಚು ಸಮ್ಮತ. ಆದರೆ ಆ ಮಧ್ಯವರ್ತಿಯನ್ನು ನಂಬುವುದೂ ಬಿಡುವುದೂ ಪತ್ರವನ್ನು ಸ್ವೀಕರಿಸುವ ಸಂಸ್ಥೆಯ ಇಚ್ಛೆಗೇ ಸೇರಿದೆ.