ಒದ್ದೆ ನೆಲದಲ್ಲಿ ಬಾಡುವ ಸಸಿ

ಸವದತ್ತಿ ತಾಲ್ಲೂಕಿನ ಹೂಲಿಯಂಥ ಊರುಗಳಲ್ಲಿ, ವನಮಹೋತ್ಸವದಂದು ಎರೆಮಣ್ಣಿನಲ್ಲಿ ನೆಟ್ಟ ಸಸಿ ಬಾಡಿದರೆ ‘ಮಕ್ಕಳು ನೀರು ಹಾಕಲಿಲ್ಲ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಆದರೆ ಅಗೆದು ನೋಡಿ. ಸುತ್ತಲಿನ ಮಣ್ಣು ಒದ್ದೆಯಾಗಿದ್ದು, ಬೇರಿನ ಮುದ್ದೆ ಮಾತ್ರ ಒಣಗಿರಬಹುದು.

‘ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ, ಆದ್ದರಿಂದ ಸಸಿಗೆ ನೀರಿನ ಕೊರತೆಯಾಗದು’ ಎಂಬ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ಇದರ ಮೊದಲರ್ಧ ಸರಿ. ‘ಆದ್ದರಿಂದ’ ಎಂಬ ಪದ ತಪ್ಪು.

ಮಣ್ಣಿನಲ್ಲಿ ನೀರಿನ ಚಲನೆಯನ್ನು ನಿರ್ಧರಿಸುವುದು ನೀರಿನ ಪ್ರಮಾಣವಲ್ಲ, ಹೀರುಬಲ. ಈ ಪರಿಕಲ್ಪನೆಯನ್ನು 1907ರಲ್ಲಿ ಎಡ್ಗರ್ ಬಕಿಂಗ್‌ಹ್ಯಾಮ್ ಮಂಡಿಸಿದರು. ರಂಧ್ರ ಕಿರಿದಾದಷ್ಟೂ ಹೀರುಬಲ ಹೆಚ್ಚು. 0.1 ಮಿ.ಮೀ. ತ್ರಿಜ್ಯದ ಲೋಮನಾಳ ನೀರನ್ನು ಸುಮಾರು 15 ಸೆಂ.ಮೀ. ಎತ್ತಿದರೆ, 0.01 ಮಿ.ಮೀ. ತ್ರಿಜ್ಯದ್ದು 1.5 ಮೀಟರ್ ಎತ್ತಬಲ್ಲದು.

20 ಸೆಂ.ಮೀ. ಎತ್ತರದ ಚೀಲಕ್ಕೆ ನೀರುಣಿಸಿ ಬಸಿಯಲು ಬಿಟ್ಟಾಗ, ಮೇಲ್ತುದಿಯ ಹೀರುಬಲ ಕೇವಲ 2 ಕಿಲೋಪಾಸ್ಕಲ್, ತಳದಲ್ಲಿ ಸೊನ್ನೆ. ಅದೇ ಮುದ್ದೆ ನೆಲ ಸೇರಿದೊಡನೆ ಎರೆಮಣ್ಣು ಬತ್ತಿಯಂತೆ ವರ್ತಿಸುತ್ತದೆ. ಮಳೆನೀರು ಬಸಿದ ಜೇಡಿನಲ್ಲಿ ಹೀರುಬಲ ಸುಮಾರು 33 ಕಿಲೋಪಾಸ್ಕಲ್. ಕೋಕೋಪೀಟಿನಲ್ಲಿ ಬೇರಿಗೆ ಸುಲಭವಾಗಿ ಸಿಗುವ ನೀರಾದರೋ 10 ಕಿಲೋಪಾಸ್ಕಲ್ ತಲಪುವಷ್ಟರಲ್ಲೇ ಬಹುಪಾಲು ಮುಗಿದಿರುತ್ತದೆ. ದೊಡ್ಡ ರಂಧ್ರಗಳು ಬರಿದಾದ ಮೇಲೆ ನೀರಿನ ದಾರಿಯೇ ಕಡಿಯುತ್ತದೆ. ಹೊಸ ಬೇರುಗಳು ಹೊರಗಿನ ಮಣ್ಣನ್ನು ಮುಟ್ಟುವವರೆಗೆ ಸಸಿಗೆ ಆ ಒದ್ದೆ ನೆಲ ಇದ್ದೂ ಇಲ್ಲದಂತೆ. ಎರೆಮಣ್ಣು ಒಣಗಿ ಬಿರುಕುಬಿಟ್ಟರಂತೂ ಇದ್ದ ಸಂಪರ್ಕವೂ ತಪ್ಪುತ್ತದೆ.

ಹಾಗೆಂದು ಕೋಕೋಪೀಟನ್ನು ದೂರುವುದು ನ್ಯಾಯವಲ್ಲ. ಅದು ಹಗುರ, ಬೇರಿಗೆ ಗಾಳಿಯನ್ನೂ ಕೊಡುತ್ತದೆ. ಬರೀ ಎರೆಮಣ್ಣು ತುಂಬಿದ ಚೀಲದಲ್ಲಿ ಬೇರು ಉಸಿರಾಡಲಾರದು. ತಪ್ಪಿರುವುದು ನರ್ಸರಿಯ ಗುಣವನ್ನು ಹೊಲಕ್ಕೂ ಅನ್ವಯಿಸುವುದರಲ್ಲಿ. ಗುಂಡಿಗೆಲ್ಲ ಮರಳು, ಕೋಕೋಪೀಟ್ ತುಂಬುವುದೂ ಪರಿಹಾರವಲ್ಲ. ಅದರಿಂದ ಎರಡು ಮಾಧ್ಯಮಗಳ ಗಡಿ ತುಸು ಆಚೆ ಸರಿಯುತ್ತದೆ, ಅಷ್ಟೆ. ಜೋರು ಮಳೆಯಲ್ಲಿ ಗುಂಡಿಯೇ ಬೋಗುಣಿಯಾಗಿ ಬೇರು ಕೊಳೆಯಬಹುದು.

ಚೀಲದ ಮಿಶ್ರಣದಲ್ಲಿ ನೆಡುವ ನೆಲದ ಮಣ್ಣೂ ಒಂದು ಪಾಲಿರಲಿ. ಅಗೆದ ಮಣ್ಣನ್ನೇ ಪುಡಿಮಾಡಿ, ಮುದ್ದೆಗೆ ಒತ್ತಿಕೊಳ್ಳುವಂತೆ ತುಂಬಿ. ಮೊದಲ ಕೆಲವು ವಾರ ನೀರನ್ನು ಗುಂಡಿಯ ಅಂಚಿಗಲ್ಲ, ಕಾಂಡದ ಬುಡದ ಮುದ್ದೆಗೇ, ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ ಹಾಕಿ.

ತರಗತಿಯಲ್ಲಿ ಒದ್ದೆ ಸ್ಪಂಜಿನ ಮೇಲೆ ಒಣ ಎರೆಹೆಂಟೆ ಇಟ್ಟು, ಅರ್ಧ ಗಂಟೆಯ ನಂತರ ಎರಡನ್ನೂ ತೂಗಿ. ಅನಂತರ ತೇವದ ಹೆಂಟೆಯ ಮೇಲೆ ಒಣ ಸ್ಪಂಜು ಇಟ್ಟು ನೋಡಿ. ಯಾವುದು ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ತಕ್ಕಡಿ ಹೇಳುತ್ತದೆ. ಮಕ್ಕಳನ್ನು ಗದರಿಸುವ ಮೊದಲು ಈ ಪ್ರಯೋಗವನ್ನು ನಾವು ಮಾಡಬೇಕು.