ನಾಲ್ಕಡಿ, ಎಂಟಡಿಯ ಛಂದಸ್ಸು

ಕಣ್ಣೀರ ಹನಿಯಂತಿರುವುದರಿಂದ 'ಟಿಯರ್‌ಡ್ರಾಪ್' ಎಂದು ಹೆಸರಾದ ಪುಟ್ಟ ಟ್ರೇಲರನ್ನು ಅಮೆರಿಕದಲ್ಲಿ ಎಷ್ಟೋ ಮಂದಿ ಮನೆಯ ಗ್ಯಾರೇಜಿನಲ್ಲೇ ಕಟ್ಟಿ, ಕಾರಿನ ಹಿಂದೆ ಸಿಕ್ಕಿಸಿಕೊಂಡು ಕ್ಯಾಂಪಿಂಗ್ ಹೋಗುತ್ತಾರೆ. 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆಯ 1947ರ ಸೆಪ್ಟೆಂಬರ್ ಸಂಚಿಕೆಯ ನಕ್ಷೆಯನ್ನು ಈಗಲೂ ಹುಡುಕಿ ಬಳಸುವವರಿದ್ದಾರೆ. ಇಷ್ಟು ಕಾಲ ಬಾಳಿದ ವಿನ್ಯಾಸವನ್ನು ಒಂದು ಕೃತಿಯಂತೆಯೇ ಓದಬೇಕು ಎನಿಸುತ್ತದೆ ನನಗೆ.

ಇದರ ಛಂದಸ್ಸು ಪ್ಲೈವುಡ್ ಹಾಳೆ. ನಮ್ಮ ಅಂಗಡಿಗಳಲ್ಲೂ ಸಿಗುವ ಅದೇ 'ಎಂಟು-ನಾಲ್ಕು'. ಎಂಟಡಿ ಉದ್ದ, ನಾಲ್ಕಡಿ ಎತ್ತರ: ಒಂದು ಪಕ್ಕದ ಗೋಡೆಗೆ ಒಂದು ಹಾಳೆ. ನೆಲಕ್ಕೆ ಇನ್ನೊಂದು. ಬಾಗು ಕತ್ತರಿಸಿ ಉಳಿದ ತುಂಡುಗಳು ಒಳಗಿನ ಕಪಾಟಿಗೆ. ತೆಳು ಪ್ಲೈವುಡ್ ಬಗ್ಗಿಸಿದರೆ ಚಾವಣಿ, ಅದರ ಮೇಲೆ ಅಲ್ಯೂಮಿನಿಯಂ ತಗಡು. ಒಳಗೆ ಇಬ್ಬರು ಮಲಗಬಹುದು, ನಿಲ್ಲಲಾಗದು. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ.

ಎಲ್ಲರೂ ಹೊಗಳುವುದು ಇದರ ಹಗುರತನವನ್ನು. ಆದರೆ ಅದು ಬಂದದ್ದು ಸಾಮಗ್ರಿಯ ಜಾಣ್ಮೆಗಿಂತ ಹೆಚ್ಚಾಗಿ ಬಿಟ್ಟುಕೊಟ್ಟದ್ದರಿಂದ. ನಿಲ್ಲುವ ಎತ್ತರ ಬೇಡ, ಶೌಚಾಲಯ ಬೇಡ, ಕೂತು ಉಣ್ಣುವ ಜಾಗ ಬೇಡ. ನಿದ್ದೆಯೊಂದು ಒಳಗೆ, ಮಿಕ್ಕ ಬದುಕೆಲ್ಲ ಬಯಲಲ್ಲಿ. ಕ್ಯಾಂಪಿಂಗ್ ಹೊರಟವರಿಗೆ ಬೇಕಾದದ್ದೂ ಅದೇ ತಾನೆ?

ಇದನ್ನು ಮರೆತು ಫ್ರಿಜ್, ಎಸಿ, ದೊಡ್ಡ ಬ್ಯಾಟರಿ, ನೀರಿನ ಟ್ಯಾಂಕ್ ತುಂಬುವ ಹೊಸ ಆವೃತ್ತಿಗಳ ಬಗ್ಗೆ ನನ್ನ ತಕರಾರಿದೆ. 'ಇದೊಂದು ಸೇರಿಸಿಬಿಡಿ' ಎಂಬ ಮಾತನ್ನು ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ದಿನವೂ ಕೇಳುತ್ತೇನೆ. ಅಲ್ಲಿ ಗಡುವು ತಪ್ಪುತ್ತದೆ. ಇಲ್ಲಿ ಜೀವಕ್ಕೇ ಕುತ್ತು. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಶೇ. 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. ಆಕ್ಸಲ್‌ನ ಹಿಂದಿರುವ ಅಡುಗೆಕಟ್ಟೆಗೆ ಭಾರ ಹೇರಿದಷ್ಟೂ ಮುಂದಿನ ಕೊಂಡಿ ಹಗುರಾಗುತ್ತದೆ. ವೇಗ ಹೆಚ್ಚಿದಾಗ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೂ ಎಳೆದಾಡಬಹುದು. ನೀರಿನಂಥ ಭಾರವನ್ನು ಆಕ್ಸಲ್‌ನ ಮುಂದಕ್ಕೆ ತಂದರೆ ತೂಗು ಸರಿಹೋದೀತು; ಒಟ್ಟು ತೂಕ ಕಮ್ಮಿಯಾಗದು.

ಮೂಲ ವಿನ್ಯಾಸವೂ ದೋಷಮುಕ್ತವಲ್ಲ. ಎತ್ತಿದ ಮುಚ್ಚಳವೇ ಅಡುಗೆ ಮಾಡುವವರಿಗೆ ಸೂರು, ನಿಜ. ಆದರೆ ಗಾಳಿಮಳೆ ಬೀಸಿದಾಗ ಮಲಗಿದವರು ಬೆಚ್ಚಗಿರುತ್ತಾರೆ, ಒಲೆಯ ಮುಂದೆ ನಿಂತವರು ನೆನೆಯುತ್ತಾರೆ. ಬಿಟ್ಟುಕೊಟ್ಟದ್ದರ ಪಟ್ಟಿಯಲ್ಲಿ ಅವರ ಸುಖವೂ ಸೇರಿದೆ. ಈ ನಕ್ಷೆಯನ್ನು ತಿದ್ದುವುದಾದರೆ ನಾನು ಎಸಿ ಸೇರಿಸುವುದಿಲ್ಲ. ಆ ಮುಚ್ಚಳಕ್ಕೆ ಎರಡು ಬದಿಗೂ ಟಾರ್ಪಾಲಿನ ಪರದೆ ಕಟ್ಟುತ್ತೇನೆ. ಅದರ ತೂಕ ಹೆಚ್ಚೇನಿಲ್ಲ.