ಬಂದೂಕು ನಿಂತ ಮರ: ಹಳೆಯ ಸೇನಾ ರ‍್ಯಾಕ್‌ಗಳ ಸಂಗ್ರಹ ಮತ್ತು ಸಂಶೋಧನೆ

ಹಳೆಯ ಸೇನಾ ಆಯುಧಗಳನ್ನು ಸಂಗ್ರಹಿಸುವ ಹವ್ಯಾಸ ಯುರೋಪು, ಅಮೆರಿಕಗಳಲ್ಲಿ ಬಹುಕಾಲದಿಂದ ಬೇರೂರಿದ್ದರೂ, ಆ ಆಯುಧಗಳನ್ನು ಶಸ್ತ್ರಾಗಾರದಲ್ಲಿ ಸಾಲಾಗಿ ನಿಲ್ಲಿಸಲು ಮಾಡಿದ ಮರದ ಹಾಗೂ ಕಬ್ಬಿಣದ ರ‍್ಯಾಕ್‌ಗಳು ಅಧ್ಯಯನಕ್ಕೆ ಅರ್ಹವೆಂಬ ಭಾವನೆ ಅಷ್ಟಾಗಿ ಬೆಳೆದಿಲ್ಲ. ಬಂದೂಕಿನ ಮೇಲೆ ತಯಾರಕನ ಮುದ್ರೆ, ವರ್ಷ, ಪರಿಶೀಲಕನ ಗುರುತು ಸಿಗುತ್ತವೆ. ರ‍್ಯಾಕಿನ ಮೇಲೆ ಅನೇಕ ವೇಳೆ ಬಣ್ಣದ ಪದರಗಳೂ ಲೋಹ ಉಜ್ಜಿ ಮರ ಸವೆದ ಕಲೆಗಳೂ ಮಾತ್ರ ಉಳಿದಿರುತ್ತವೆ. ಹೀಗಾಗಿ ಸಂಗ್ರಾಹಕರು ಅದನ್ನು ತಮ್ಮ ಬಂದೂಕುಗಳ ಪ್ರದರ್ಶನಕ್ಕೆ ಒದಗುವ ಪೀಠೋಪಕರಣವೆಂದು ಕೊಳ್ಳುತ್ತಾರೆ, ವಸ್ತುಸಂಗ್ರಹಾಲಯಗಳು ಉಗ್ರಾಣದ ಸಾಮಾನೆಂದು ಬದಿಗಿಡುತ್ತವೆ. ಆದರೆ ಒಂದು ಸರ್ಕಾರ ತನ್ನ ಆಯುಧಗಳನ್ನು ಹೇಗೆ ಎಣಿಸುತ್ತಿತ್ತು, ಯಾರ ಕೈಗೆ ಎಷ್ಟು ಬೇಗ ಒಪ್ಪಿಸಲು ಸಿದ್ಧವಿತ್ತು, ಯಾರಿಂದ ಅವುಗಳನ್ನು ಕಾಯುತ್ತಿತ್ತು ಎಂಬ ಪ್ರಶ್ನೆಗಳಿಗೆ ಬಂದೂಕಿಗಿಂತ ರ‍್ಯಾಕೇ ನೇರವಾಗಿ ಉತ್ತರಿಸಬಲ್ಲದು.

ಇದಕ್ಕೆ ಬಲವಾದ ನಿದರ್ಶನವೆಂದರೆ ಆಸ್ಟ್ರಿಯಾದ ಗ್ರಾಟ್ಸ್ ನಗರದ ಲಾಂಡೆಸ್‌ಟ್ಸೊಯ್‌ಗ್‌ಹೌಸ್, ಅಂದರೆ ಸ್ಟೈರಿಯಾ ಪ್ರಾಂತದ ಶಸ್ತ್ರಾಗಾರ. ಆಂಟೋನಿಯೊ ಸೋಲಾರ್ ಎಂಬ ವಾಸ್ತುಶಿಲ್ಪಿ 1640ರ ದಶಕದಲ್ಲಿ ಕಟ್ಟಿದ ಈ ಬಹುಮಹಡಿ ಕಟ್ಟಡದಲ್ಲಿ ಇಂದಿಗೂ ಸುಮಾರು 32,000 ವಸ್ತುಗಳಿದ್ದು, ಕವಚಗಳು ಗೂಟಗಳಲ್ಲಿ ತೂಗುತ್ತ, ಬಂದೂಕುಗಳು ಮರದ ಚೌಕಟ್ಟುಗಳಲ್ಲಿ ಒತ್ತೊತ್ತಾಗಿ ನಿಂತಿರುವ ಅಲ್ಲಿನ ಸಾಲುಗಳಲ್ಲಿ ಕಟ್ಟಡ ಎಲ್ಲಿ ಮುಗಿದು ರ‍್ಯಾಕ್ ಎಲ್ಲಿ ಆರಂಭವಾಗುತ್ತದೆ ಎಂದು ಬೇರ್ಪಡಿಸುವುದು ಕಷ್ಟ. ಆಟೊಮನ್ ತುರ್ಕರ ಗಡಿಗೆ ಸಮೀಪವಿದ್ದ ಪ್ರಾಂತದಲ್ಲಿ ಅಪಾಯದ ಸುದ್ದಿ ಬಂದಾಗ ಹೆಚ್ಚಿನ ಜನರಿಗೆ ಬೇಗ ಆಯುಧ ಹಂಚಬೇಕಾಗಿತ್ತಾದ್ದರಿಂದ, ಒಂದೇ ಬಗೆಯ ವಸ್ತುಗಳು ಒಂದೆಡೆ, ಕೈಗೆಟಕುವ ಎತ್ತರದಲ್ಲಿ, ತೆರೆದ ಸ್ಥಿತಿಯಲ್ಲಿರುವ ಈ ಜೋಡಣೆ ಅಲಂಕಾರಕ್ಕಿಂತ ಅವಸರದ ಲೆಕ್ಕಾಚಾರಕ್ಕೆ ಹೊಂದುತ್ತದೆ. 1749ರಲ್ಲಿ ರಾಣಿ ಮರಿಯಾ ತೆರೇಸಾ ಸೇನಾಡಳಿತವನ್ನು ಕೇಂದ್ರೀಕರಿಸುತ್ತ ಪ್ರಾಂತೀಯ ಶಸ್ತ್ರಾಗಾರಗಳನ್ನು ಮುಚ್ಚಲು ಹೊರಟಾಗ, ಸ್ಟೈರಿಯಾದ ಪ್ರತಿನಿಧಿ ಸಭೆ ತನ್ನ ಪೂರ್ವಿಕರ ಶೌರ್ಯದ ಸ್ಮಾರಕವಾಗಿ ಇದನ್ನು ಉಳಿಸಿಕೊಡಬೇಕೆಂದು ಕೋರಿ ಗೆದ್ದಿತು. ಆ ಗೆಲುವಿಗೆ ತೆತ್ತ ಬೆಲೆಯೂ ಇದೆ: ಆಯುಧಗಳು ಹೊರಹೋಗಿ ಮರಳುವ ಕ್ರಮ ನಿಂತಮೇಲೆ ಆ ಸಾಲುಗಳು ಬಳಕೆಯ ವ್ಯವಸ್ಥೆಯಾಗಿ ಉಳಿಯದೆ ಸ್ಮಾರಕದ ವ್ಯವಸ್ಥೆಯಾದವು, ಮತ್ತು ಇಂದಿನ ನೋಡುಗ ಕಾಣುವ ತುಂಬು ಸಾಲುಗಳನ್ನು ಹದಿನೇಳನೆಯ ಶತಮಾನದ ಯಾವುದೋ ಒಂದು ದಿನದ ಯಥಾವತ್ ಚಿತ್ರವೆಂದು ಭಾವಿಸುವುದು ತಪ್ಪಾಗುತ್ತದೆ.

ಲಂಡನ್ ಟವರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಹ್ಯಾರಿಸ್ ಪಿಸ್ತೂಲು, ಕತ್ತಿಗಳನ್ನು ಕಂಬ, ಅಲೆಗಳಂಥ ವಿನ್ಯಾಸಗಳಲ್ಲಿ ಜೋಡಿಸಿದ್ದು ಇದಕ್ಕೆ ತೀರ ಭಿನ್ನವಾದ ಉದ್ದೇಶದಿಂದ; ಅಲ್ಲಿ ದಾಸ್ತಾನೇ ದರ್ಬಾರಾಗಿತ್ತು. 1841ರ ಬೆಂಕಿಯಲ್ಲಿ ಆ ಜೋಡಣೆಯಿದ್ದ ಗ್ರ್ಯಾಂಡ್ ಸ್ಟೋರ್‌ಹೌಸ್ ನಾಶವಾದುದರಿಂದ ಟವರಿನ ಆ ವೈಭವವನ್ನು ಈಗ ಬಹುಪಾಲು ಮುದ್ರಿತ ಚಿತ್ರ ಮತ್ತು ವರ್ಣನೆಗಳಿಂದಲೇ ಊಹಿಸಿಕೊಳ್ಳಬೇಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಎತ್ತರದ ರ‍್ಯಾಕ್‌ಗಳು ಪ್ರಸಿದ್ಧವಾದದ್ದು ಕವಿ ಲಾಂಗ್‌ಫೆಲೊನಿಂದ. 1843ರಲ್ಲಿ ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋದಾಗ ಪತ್ನಿ ಫ್ಯಾನಿ ಸಾಲುಗಟ್ಟಿದ ನಳಿಗೆಗಳನ್ನು ಆರ್ಗನ್ ವಾದ್ಯದ ಕೊಳವೆಗಳಿಗೆ ಹೋಲಿಸಿದಳೆಂದೂ, ಅದರಿಂದ ಅವನ ಯುದ್ಧವಿರೋಧಿ ಕವಿತೆ ಹುಟ್ಟಿತೆಂದೂ ಹೇಳುವುದುಂಟು. ಉಳಿದಿರುವ ಅಂಥ ರ‍್ಯಾಕ್ ಈಗ ಅಲ್ಲಿನ ವಸ್ತುಸಂಗ್ರಹಾಲಯದ ಮುಖ್ಯ ಆಕರ್ಷಣೆಯಾಗಿದೆ. ಹಾಗಿದ್ದೂ ಕವಿತೆಯ ನೆರಳಿನಲ್ಲಿ ಅದರ ಮರಗೆಲಸದ ತರ್ಕವನ್ನು ವಿಚಾರಿಸುವವರು ಕಡಿಮೆ.

ಬ್ಯಾರಕ್ಕುಗಳ ರ‍್ಯಾಕ್ ಬೇರೆಯೇ ಕಥೆ ಹೇಳುತ್ತದೆ. ಶಸ್ತ್ರಾಗಾರದ ದಾಸ್ತಾನಿನಂತಲ್ಲದೆ ಇಲ್ಲಿ ಬಂದೂಕು ದಿನವೂ ಸೈನಿಕನ ಕೈ ಸೇರಿ ಮರಳುತ್ತಿತ್ತು. ಆದ್ದರಿಂದ ಎಲ್ಲ ಬಂದೂಕುಗಳನ್ನೂ ಅಡ್ಡಲಾಗಿ ಬಿಗಿಹಿಡಿದು ಬೀಗ ಹಾಕುವ ಕಬ್ಬಿಣದ ಪಟ್ಟಿ ಮುಖ್ಯವಾಯಿತು. ಆ ಬೀಗದ ಗುರಿ ಶತ್ರುವಿಗಿಂತ ಹೆಚ್ಚಾಗಿ ಕಳ್ಳ, ಕುಡುಕ ಮತ್ತು ದಂಗೆಯೇಳಬಹುದಾದ ಸ್ವಂತ ಸಿಪಾಯಿ. ಕಂಪನಿ ಸರ್ಕಾರದ ಭಾರತದ ದಂಡುಪ್ರದೇಶಗಳಲ್ಲಿ ಸಿಪಾಯಿಗಳ ಬಂದೂಕುಗಳನ್ನು ಅವರ ವಸತಿಯಿಂದ ಬೇರೆಯಾದ, ‘ಬೆಲ್ ಆಫ್ ಆರ್ಮ್ಸ್’ ಎಂದು ಕರೆಯಲಾಗುತ್ತಿದ್ದ ಚಿಕ್ಕ ಕಟ್ಟಡಗಳಲ್ಲಿ ಇಡುತ್ತಿದ್ದುದನ್ನು ಇದರ ಜೊತೆಗಿಟ್ಟು ನೋಡಿದರೆ, ಆಯುಧ ಇಡುವ ಜಾಗದಲ್ಲಿ ಅಪನಂಬಿಕೆ ಎಷ್ಟರಮಟ್ಟಿಗೆ ಅಡಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಸಂಶೋಧನೆಯ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದು. ಬಂದೂಕಿನ ಹಿಂತುದಿ ಕೂರುವ ಹಲಗೆಯಿಂದ ನಳಿಗೆ ಒರಗುವ ಕಚ್ಚಿನವರೆಗಿನ ಅಂತರ ಯಾವ ಮಾದರಿಯ ಬಂದೂಕಿಗಾಗಿ ರ‍್ಯಾಕ್ ತಯಾರಾಯಿತು ಎಂಬುದನ್ನು ಸೂಚಿಸುತ್ತದೆ: ಅಮೆರಿಕದ 1861ರ ಮಾದರಿಯ ಬಂದೂಕು ಸುಮಾರು 56 ಇಂಚು, 1873ರ ಮಾದರಿ ಸುಮಾರು 52 ಇಂಚು, 1903ರ ಮಾದರಿ 43 ಇಂಚಿನಷ್ಟು ಉದ್ದವಿದ್ದುದರಿಂದ ಈ ಮೂರರ ಕಚ್ಚುಗಳು ಒಂದೇ ಎತ್ತರದಲ್ಲಿರಲು ಕಾರಣವಿಲ್ಲ. ಆದರೆ 1903ರ ಮಾದರಿಗೂ ಆಮೇಲೆ ಬಂದ ಗ್ಯಾರಂಡ್ ಬಂದೂಕಿಗೂ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಇಲ್ಲಿ ಉದ್ದದ ಸಾಕ್ಷ್ಯ ಸಾಲದು. ಕಚ್ಚಿನ ಅಗಲ, ಮೊಳೆ ಮತ್ತು ತಿರುಪುಗಳ ಬಗೆ, ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಕೊರೆದ ಹೊಸ ರಂಧ್ರಗಳು ಇವುಗಳನ್ನೆಲ್ಲ ಕೂಡಿಸಿ ನೋಡಬೇಕು. ರ‍್ಯಾಕುಗಳನ್ನೂ ತಯಾರಿಸುತ್ತಿದ್ದ ರಾಕ್ ಐಲೆಂಡ್ ಆರ್ಸೆನಲ್‌ನಂಥ ಸರ್ಕಾರಿ ಕಾರ್ಖಾನೆಗಳ ವಿಷಯದಲ್ಲಿ ಸೇನಾ ಶಸ್ತ್ರಾಸ್ತ್ರ ವಿಭಾಗದ ವಾರ್ಷಿಕ ವರದಿಗಳೂ ಬ್ಯಾರಕ್ಕುಗಳ ಹಳೆಯ ಛಾಯಾಚಿತ್ರಗಳೂ ನೆರವಾಗುತ್ತವೆ.

ಖಾಸಗಿ ಸಂಗ್ರಾಹಕರ ಕೊಡುಗೆಯನ್ನು ಅಲ್ಲಗಳೆಯಲಾಗದು. ಸೇನೆ ತ್ಯಾಜ್ಯವೆಂದು ಹೊರಹಾಕಿದ ರ‍್ಯಾಕ್‌ಗಳು ಅವರಿಲ್ಲದಿದ್ದರೆ ಒಲೆ ಸೇರುತ್ತಿದ್ದವು. ಆದರೆ ಅವರ ಅಭಿರುಚಿಯೇ ಸಾಕ್ಷ್ಯಕ್ಕೆ ಶತ್ರುವಾಗುವ ಸಂದರ್ಭಗಳು ಸಾಕಷ್ಟಿವೆ. ಬಣ್ಣ ಕೆರೆದು ಮರಕ್ಕೆ ಪಾಲಿಶ್ ಹಾಕುವುದು, ಕಳೆದುಹೋದ ಬೀಗದ ಪಟ್ಟಿಗೆ ಬದಲಾಗಿ ಬೇರೊಂದರದ್ದನ್ನು ಕೂಡಿಸಿ ಅದನ್ನು ಹೇಳದಿರುವುದು, ಎರಡು ಮುರಿದ ರ‍್ಯಾಕ್‌ಗಳಿಂದ ಒಂದನ್ನು ಹುಟ್ಟಿಸುವುದು, ಕಚ್ಚುಗಳು ಖಾಲಿ ಕಾಣಬಾರದೆಂದು ಐವತ್ತು ವರ್ಷಗಳ ಅಂತರದ ಬಂದೂಕುಗಳನ್ನು ಒಂದೇ ಸಾಲಿನಲ್ಲಿ ತುಂಬುವುದು ಇವೆಲ್ಲ ವಸ್ತುವನ್ನು ಉಳಿಸುತ್ತಲೇ ಅದರ ಮಾತನ್ನು ಅಳಿಸುವ ಕೆಲಸಗಳು. ಇದಕ್ಕಿಂತ ಗಂಭೀರವಾದ ಲೋಪವೆಂದರೆ ರ‍್ಯಾಕನ್ನು ಗೋಡೆಯಿಂದ ಬಿಚ್ಚುವ ಮೊದಲು ಕೋಣೆಯ ಅಳತೆ, ಬಾಗಿಲಿನ ದಿಕ್ಕು, ಪಕ್ಕದ ರ‍್ಯಾಕಿನ ಸ್ಥಾನ ಇವನ್ನು ದಾಖಲಿಸದಿರುವುದು. ಗ್ರಾಟ್ಸ್‌ನ ಕಟ್ಟಡ ಕಲಿಸುವುದು ಬಹುಪಾಲು ಈ ಸಂಬಂಧಗಳಿಂದಲೇ. ಬಳಕೆಯ ಕಲೆಗಳನ್ನು ಉಳಿಸಿಕೊಂಡ ರ‍್ಯಾಕಿಗಿಂತ ಹೊಳಪೇರಿಸಿದ ರ‍್ಯಾಕನ್ನೇ ಸಂಗ್ರಾಹಕರು ಮೆಚ್ಚುತ್ತಿರುವ ತನಕ, ಬಂದೂಕು ಇಡುವ ಕ್ರಮದ ಇತಿಹಾಸ ಬರೆಯುವವರಿಗೆ ಖಾಸಗಿ ಸಂಗ್ರಹಗಳಿಗಿಂತ ಹಳೆಯ ಸರ್ಕಾರಿ ಲೆಕ್ಕಪತ್ರಗಳೇ ಹೆಚ್ಚು ನಂಬಲರ್ಹವಾದ ಆಧಾರಗಳಾಗಿರುತ್ತವೆ.